ನೂರು ಗುರಿ, ನಾಲ್ಕು ಕಣ್ಣು: ರಾಡಾರ್ ಜಾಲವು ತನ್ನ ಗಮನವನ್ನು ಹಂಚುವ ಬಗೆ

ಆಗಸದಲ್ಲಿ ಏಕಕಾಲಕ್ಕೆ ನೂರು ವಿಮಾನಗಳು ಹಾರುತ್ತಿವೆ. ಅವುಗಳ ಮೇಲೆ ಕಣ್ಣಿಡಲು ನೆಲದ ಮೇಲೆ ಇರುವುದು ನಾಲ್ಕು ರಾಡಾರುಗಳು. ಯಾವ ರಾಡಾರು ಯಾವ ವಿಮಾನವನ್ನು ಯಾವ ಕ್ಷಣದಲ್ಲಿ ಎಷ್ಟು ಹೊತ್ತು ನೋಡಬೇಕು? ಮೇಲ್ನೋಟಕ್ಕೆ ಯಂತ್ರಶಾಸ್ತ್ರಕ್ಕೆ ಸೇರಿದ್ದೆಂದು ತೋರುವ ಈ ಪ್ರಶ್ನೆ ಆಳದಲ್ಲಿ ಹಂಚಿಕೆಯ ಪ್ರಶ್ನೆ. ಇರುವುದು ಕಡಮೆ, ಬೇಡುವವರು ಬಹಳ ಎಂದಾಗ ಎಲ್ಲರಿಗೂ ಸಮಪಾಲು ಕೊಡಬೇಕೆ, ಅಗತ್ಯವನ್ನು ನೋಡಿ ಕೊಡಬೇಕೆ? ತೀರ ದೂರದಲ್ಲಿರುವುದರ ಗತಿಯೇನು?

ಈ ಪ್ರಶ್ನೆಗೆ ಗಣಿತದ ಅಳತೆಗೋಲನ್ನು ಒದಗಿಸಿದವರಲ್ಲಿ ಒಬ್ಬರು ಹಳೆಯ ಬಳ್ಳಾರಿ ಜಿಲ್ಲೆಯ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಆದವಾನಿ, ರಾಯದುರ್ಗಗಳೂ ಅಂದು ಅದೇ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಅವರ ಕೊಡುಗೆಯ ಮಹತ್ವ ತಿಳಿಯಬೇಕಾದರೆ ಮೊದಲು ರಾಡಾರಿನ ಬಡತನ ಏನೆಂಬುದನ್ನು ಅರಿಯಬೇಕು.

ಎರಡು ಕೊರತೆಗಳು: ಕಾಲ ಮತ್ತು ಶಕ್ತಿ

ರಾಡಾರು ರೇಡಿಯೋ ಅಲೆಯ ಒಂದು ಕಿರು ಸ್ಪಂದವನ್ನು ಹೊರಗೆ ಕಳುಹಿಸಿ, ವಸ್ತುವಿಗೆ ತಗುಲಿ ಮರಳುವ ಕ್ಷೀಣವಾದ ಮಾರ್ದನಿಯನ್ನು ಆಲಿಸುತ್ತದೆ. ಅಲೆ ಹೋಗಿ ಬರಲು ಹಿಡಿದ ಕಾಲದಿಂದ ವಸ್ತುವಿನ ದೂರ ತಿಳಿಯುತ್ತದೆ. ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಆದ್ದರಿಂದ 150 ಕಿ.ಮೀ. ದೂರದ ವಿಮಾನದಿಂದ ಮಾರ್ದನಿ ಬರಲು ಸೆಕೆಂಡಿನ ಸಾವಿರದ ಒಂದು ಭಾಗ, ಅಂದರೆ ಒಂದು ಮಿಲಿಸೆಕೆಂಡ್ ಬೇಕು. ಇದು ಅತ್ಯಲ್ಪವೆಂದು ನಮಗೆ ತೋರಬಹುದು. ಆದರೆ ರಾಡಾರು ಪ್ರತಿಯೊಂದು ದಿಕ್ಕಿನಲ್ಲಿಯೂ ಹೀಗೆ ಕಾಯಬೇಕು. ಒಂದೊಂದು ದಿಕ್ಕಿನಲ್ಲಿ ಹಲವು ಸ್ಪಂದಗಳನ್ನು ಕಳುಹಿಸಬೇಕು. ಬೆಳಕಿನ ವೇಗವನ್ನು ಹೆಚ್ಚಿಸುವ ಉಪಾಯ ಯಾವ ಎಂಜಿನಿಯರನ ಬಳಿಯೂ ಇಲ್ಲ. ಹೀಗಾಗಿ ಕಾಲವೇ ಮೊದಲ ಕೊರತೆ.

ಎರಡನೆಯ ಕೊರತೆ ಶಕ್ತಿ. ಹೊರಟ ಅಲೆ ದೂರ ಹೋದಂತೆ ಹರಡಿ ತೆಳುವಾಗುತ್ತದೆ. ಮರಳುವ ಅಲೆಯೂ ಹಾಗೆಯೇ ಹರಡಿ ಇನ್ನಷ್ಟು ತೆಳುವಾಗುತ್ತದೆ. ಈ ಇಬ್ಬಗೆಯ ನಷ್ಟದಿಂದಾಗಿ ಮಾರ್ದನಿಯ ಬಲವು ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಕುಸಿಯುತ್ತದೆ. ಗುರಿಯ ದೂರ ಎರಡು ಪಟ್ಟಾದರೆ ಮಾರ್ದನಿ 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದನ್ನು ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಬೇಕೆಂದರೆ 16 ಪಟ್ಟು ಶಕ್ತಿಯನ್ನು ಸುರಿಯಬೇಕು. ದೂರದವನನ್ನು ಕಾಣುವುದು ದುಬಾರಿ ಎಂಬ ಈ ಒಂದು ನಿಯಮವೇ ಮುಂದಿನ ಎಲ್ಲ ಲೆಕ್ಕಗಳ ಬೇರು.

ಗಣಕಯಂತ್ರವಿಲ್ಲದ ಕಾಲದ ಜಾಲ

ರಾಡಾರುಗಳನ್ನು ಜಾಲವಾಗಿ ಹೆಣೆದು ಬಳಸಿದ ಅತಿ ಪ್ರಸಿದ್ಧ ನಿದರ್ಶನ ಬ್ರಿಟನ್ನಿನದು. 1935ರ ಫೆಬ್ರವರಿ 26ರಂದು ಡೇವೆಂಟ್ರಿ ಎಂಬ ಊರಿನ ಬಳಿ ರಾಬರ್ಟ್ ವಾಟ್ಸನ್-ವಾಟ್ ಮತ್ತು ಆರ್ನಲ್ಡ್ ವಿಲ್ಕಿನ್ಸ್ ಅವರು ಬಿಬಿಸಿಯ ಪ್ರಸಾರ ಅಲೆಗಳು ವಿಮಾನಕ್ಕೆ ತಗುಲಿ ಮರಳುವುದನ್ನು ತೋರಿಸಿಕೊಟ್ಟರು. ಎರಡನೆಯ ಮಹಾಯುದ್ಧ ಆರಂಭವಾಗುವ ವೇಳೆಗೆ ಆ ದೇಶದ ಪೂರ್ವ ಮತ್ತು ದಕ್ಷಿಣ ಕರಾವಳಿಯಲ್ಲಿ 'ಚೈನ್ ಹೋಮ್' ಎಂಬ ಹೆಸರಿನ ಕೇಂದ್ರಗಳ ಸರಣಿ ನಿಂತಿತ್ತು.

ಈ ಕೇಂದ್ರಗಳ ಗೋಪುರಗಳು ತಿರುಗುತ್ತಿರಲಿಲ್ಲ. ಎದುರಿನ ಸಮುದ್ರದ ಮೇಲೆಲ್ಲ ಅಲೆಯನ್ನು ಚೆಲ್ಲಿ ಮಾರ್ದನಿಗಾಗಿ ಕಾಯುತ್ತಿದ್ದವು. ಗುರಿ ಎಷ್ಟು ದೂರದಲ್ಲಿದೆ ಎಂಬುದನ್ನು ಅವು ಚೆನ್ನಾಗಿ ಹೇಳಬಲ್ಲವಾಗಿದ್ದವು. ಯಾವ ದಿಕ್ಕಿನಲ್ಲಿದೆ ಎಂಬುದನ್ನು ಹೇಳುವಲ್ಲಿ ಹಲವು ಡಿಗ್ರಿಗಳಷ್ಟು ತಪ್ಪುತ್ತಿದ್ದವು. ಒಂದೇ ಕೇಂದ್ರದ ವರದಿಯನ್ನು ನಂಬಿದರೆ ವಿಮಾನದ ನೆಲೆ ಸಿಗುವಂತಿರಲಿಲ್ಲ. ಆದರೆ ಎರಡು ಕೇಂದ್ರಗಳು ಅಳೆದ ದೂರಗಳನ್ನು ನಕಾಶೆಯ ಮೇಲೆ ಎರಡು ಕಮಾನುಗಳಾಗಿ ಎಳೆದರೆ ಅವು ಒಂದನ್ನೊಂದು ಕತ್ತರಿಸುವ ಬಿಂದುವಿನಲ್ಲಿ ವಿಮಾನ ದೊರೆಯುತ್ತಿತ್ತು. ಒಬ್ಬೊಬ್ಬರ ಬಳಿ ಇದ್ದ ಅರೆಮಾಹಿತಿ ಕೂಡಿದಾಗ ಪೂರ್ಣ ಮಾಹಿತಿಯಾಗುತ್ತಿತ್ತು. ಜಾಲದ ಮೂಲ ಲಾಭ ಇದೇ. ಇಂದಿಗೂ ಅದು ಬದಲಾಗಿಲ್ಲ.

ಹೀಗೆ ಬಂದ ವರದಿಗಳೆಲ್ಲ ಲಂಡನ್ನಿನ ವಾಯವ್ಯದಲ್ಲಿದ್ದ ಬೆಂಟ್ಲಿ ಪ್ರಯರಿ ಎಂಬ ಕಟ್ಟಡಕ್ಕೆ ದೂರವಾಣಿಯ ಮೂಲಕ ತಲಪುತ್ತಿದ್ದವು. ಫೈಟರ್ ಕಮಾಂಡಿನ ಮುಖ್ಯಸ್ಥ ಹ್ಯೂ ಡೌಡಿಂಗ್ ಅಲ್ಲಿ ವರದಿಗಳನ್ನು ಸೋಸುವ ಒಂದು ಕೋಣೆಯನ್ನೇ ಏರ್ಪಡಿಸಿದ್ದನು. ವಾಯುಪಡೆಯ ಮಹಿಳಾ ಸಹಾಯಕ ದಳದವರು ದೊಡ್ಡ ಮೇಜಿನ ನಕಾಶೆಯ ಮೇಲೆ ಗುರುತುಗಳನ್ನು ಇಡುತ್ತಿದ್ದರು. ಎರಡು ಕೇಂದ್ರಗಳು ಹೇಳುತ್ತಿರುವುದು ಒಂದೇ ವಿಮಾನದಂಡನ್ನೋ ಬೇರೆ ಬೇರೆ ದಂಡುಗಳನ್ನೋ ಎಂದು ತೀರ್ಮಾನಿಸುವುದು ಸೋಸುವವರ ಕೆಲಸವಾಗಿತ್ತು. ಗೋಡೆಯ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಒಂದೊಂದು ಬಣ್ಣ: ಕೆಂಪು, ಹಳದಿ, ನೀಲಿ. ವರದಿ ಬಂದ ಹೊತ್ತಿನ ಬಣ್ಣವನ್ನೇ ಅದರ ಗುರುತಿಗೂ ಕೊಡುತ್ತಿದ್ದುದರಿಂದ ಯಾವ ಸುದ್ದಿ ತಾಜಾ, ಯಾವುದು ಹಳಸಿದ್ದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಹಳೆಯ ಬಣ್ಣದ ಗುರುತುಗಳನ್ನು ಮೇಜಿನಿಂದ ತೆಗೆದುಹಾಕುತ್ತಿದ್ದರು.

ಈ ವ್ಯವಸ್ಥೆಯ ಫಲವಾಗಿ ಯುದ್ಧವಿಮಾನಗಳನ್ನು ಇಡೀ ದಿನ ಆಕಾಶದಲ್ಲಿ ಕಾವಲು ಸುತ್ತಿಸುವ ಅಗತ್ಯ ತಪ್ಪಿತು. ಶತ್ರು ಬರುವ ದಿಕ್ಕು ತಿಳಿದ ಮೇಲೆಯೇ ಅವನ್ನು ಏರಿಸಬಹುದಾಗಿತ್ತು. ಇಂಧನವೂ ಚಾಲಕರ ತ್ರಾಣವೂ ಉಳಿಯುತ್ತಿದ್ದವು. ಆದರೆ ಸೋಸುವಿಕೆ ತಪ್ಪಿದಾಗ ತೆರಬೇಕಾದ ಬೆಲೆಯೂ ಬೇಗನೆ ಕಂಡಿತು. ಯುದ್ಧ ಘೋಷಣೆಯಾದ ಮೂರು ದಿನಗಳಲ್ಲೇ, 1939ರ ಸೆಪ್ಟೆಂಬರ್ 6ರಂದು, ಸುಳ್ಳು ಎಚ್ಚರಿಕೆಯೊಂದರ ಬೆನ್ನಿಗೆ ಬ್ರಿಟಿಷ್ ವಿಮಾನಗಳು ಮೇಲೆದ್ದವು. ಆ ವಿಮಾನಗಳನ್ನೇ ಶತ್ರುವೆಂದು ಎಣಿಸಿ ಇನ್ನಷ್ಟು ವಿಮಾನಗಳನ್ನು ಕಳುಹಿಸಲಾಯಿತು. ಸ್ಪಿಟ್‌ಫೈರ್ ವಿಮಾನಗಳು ತಮ್ಮದೇ ಪಡೆಯ ಎರಡು ಹರಿಕೇನ್‌ಗಳನ್ನು ಹೊಡೆದುರುಳಿಸಿದವು. ಒಬ್ಬ ಚಾಲಕ ಮಡಿದನು. 'ಬಾರ್ಕಿಂಗ್ ಕ್ರೀಕ್ ಕಾಳಗ' ಎಂದು ಇತಿಹಾಸದಲ್ಲಿ ಉಳಿದ ಈ ಘಟನೆ ಒಂದು ಪಾಠವನ್ನು ಕಲಿಸಿತು. ಕಾಣುವುದು ಒಂದು ಕೆಲಸ, ಕಂಡದ್ದು ಯಾವುದೆಂದು ಅರಿಯುವುದು ಇನ್ನೊಂದು ಕೆಲಸ. ಎರಡಕ್ಕೂ ಸಂಪನ್ಮೂಲ ಬೇಕು.

ಕಿರಣಕ್ಕೆ ಸ್ವಾತಂತ್ರ್ಯ ಬಂದಾಗ

ಯುದ್ಧದ ಬಳಿಕ ತಿರುಗುವ ಆಂಟೆನಾಗಳು ಎಲ್ಲೆಡೆ ಬಳಕೆಗೆ ಬಂದವು. ವಿಮಾನ ನಿಲ್ದಾಣದ ರಾಡಾರು ಸುಮಾರು ನಾಲ್ಕೈದು ಸೆಕೆಂಡಿಗೆ ಒಂದು ಸುತ್ತು ಬರುತ್ತದೆ. ಅದು ಬರಿದಾದ ದಿಕ್ಕಿಗೂ ವಿಮಾನಗಳು ಕಿಕ್ಕಿರಿದ ದಿಕ್ಕಿಗೂ ಒಂದೇ ಪ್ರಮಾಣದ ಕಾಲವನ್ನು ಕೊಡುತ್ತದೆ. ಇಲ್ಲಿ ಹಂಚಿಕೆಯ ಪ್ರಶ್ನೆಯೇ ಏಳುವುದಿಲ್ಲ. ತಿರುಗುವ ಮೋಟಾರು ಅದನ್ನು ಮೊದಲೇ ತೀರ್ಮಾನಿಸಿರುತ್ತದೆ.

ಫೇಸ್ಡ್ ಅರೇ ಎಂಬ ಆಂಟೆನಾ ಈ ಕಟ್ಟನ್ನು ಕಳಚಿತು. ಇದರಲ್ಲಿ ನೂರಾರು ಅಥವಾ ಸಾವಿರಾರು ಸಣ್ಣ ಘಟಕಗಳಿರುತ್ತವೆ. ಪ್ರತಿಯೊಂದರಿಂದ ಹೊರಡುವ ಅಲೆಯನ್ನು ಚೂರು ಹಿಂದೆ ಮುಂದೆ ಮಾಡಿದರೆ ಅವೆಲ್ಲ ಕೂಡಿ ಬೇಕಾದ ದಿಕ್ಕಿಗೆ ಒಂದು ಕಿರಣವಾಗಿ ಹೊರಡುತ್ತವೆ. ಆಂಟೆನಾ ಅಲುಗುವುದಿಲ್ಲ; ಕಿರಣ ಮಾತ್ರ ಕ್ಷಣಾರ್ಧಕ್ಕಿಂತಲೂ ಬೇಗನೆ ಆಕಾಶದ ಒಂದು ಮೂಲೆಯಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಬೆಂಗಳೂರಿನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ, ಆಕಾಶ್ ಕ್ಷಿಪಣಿ ವ್ಯವಸ್ಥೆಗಾಗಿ ರೂಪಿಸಿದ 'ರಾಜೇಂದ್ರ' ಈ ಬಗೆಯದು. ಅದು 64 ಗುರಿಗಳ ಜಾಡು ಹಿಡಿಯಬಲ್ಲುದು. ಅವುಗಳಲ್ಲಿ ಏಕಕಾಲಕ್ಕೆ ಕ್ಷಿಪಣಿ ಹಾರಿಸಬಹುದಾದುದು 4 ಗುರಿಗಳ ಮೇಲೆ. ಅರುವತ್ತನಾಲ್ಕರಲ್ಲಿ ಆ ನಾಲ್ಕು ಯಾವುವು ಎಂಬ ಆಯ್ಕೆ ವ್ಯವಸ್ಥೆಯ ಒಳಗೇ ನಡೆಯಬೇಕು.

ಕಿರಣಕ್ಕೆ ಸ್ವಾತಂತ್ರ್ಯ ಬಂದೊಡನೆ ಹೊಣೆಯೂ ಬಂದಿತು. ಲೆಕ್ಕಕ್ಕಾಗಿ ಒಂದು ರಾಡಾರನ್ನು ಊಹಿಸೋಣ. ಅದರ ಕಿರಣ 2 ಡಿಗ್ರಿ ಅಗಲ, 2 ಡಿಗ್ರಿ ಎತ್ತರ. ಕಾಯಬೇಕಾದ ಆಕಾಶ 90 ಡಿಗ್ರಿ ಅಗಲ, 20 ಡಿಗ್ರಿ ಎತ್ತರ. ಹಾಗಾದರೆ ನೋಡಬೇಕಾದ ಮನೆಗಳು 450. ಒಂದೊಂದು ಮನೆಯಲ್ಲಿ 10 ಮಿಲಿಸೆಕೆಂಡ್ ನಿಂತರೆ ಇಡೀ ಆಕಾಶವನ್ನು ಒಮ್ಮೆ ಶೋಧಿಸಲು 4.5 ಸೆಕೆಂಡ್ ಬೇಕು. ಈಗ ಕಂಡ ಪ್ರತಿಯೊಂದು ವಿಮಾನವನ್ನೂ ಸೆಕೆಂಡಿಗೊಮ್ಮೆ 10 ಮಿಲಿಸೆಕೆಂಡ್ ಮರಳಿ ನೋಡಬೇಕೆಂಬ ನಿಯಮ ಮಾಡೋಣ. ವಿಮಾನಗಳು 50 ಇದ್ದರೆ ಪ್ರತಿ ಸೆಕೆಂಡಿನ ಅರ್ಧ ಅವುಗಳ ಪಾಲಾಗುತ್ತದೆ. ಶೋಧನೆಯ ಒಂದು ಸುತ್ತು 9 ಸೆಕೆಂಡಿಗೆ ಹಿಗ್ಗುತ್ತದೆ. ವಿಮಾನಗಳು 100 ಆದರೆ ಕಾಲವೆಲ್ಲ ಅಲ್ಲಿಗೇ ತೀರುತ್ತದೆ. ಹೊಸದಾಗಿ ಬರುವ ನೂರೊಂದನೆಯದನ್ನು ನೋಡಲು ರಾಡಾರಿಗೆ ಕಣ್ಣೇ ಉಳಿದಿರುವುದಿಲ್ಲ.

ಸಮಪಾಲಿನ ನಿಯಮ ಹೀಗೆ ಕುಸಿದು ಬೀಳುತ್ತದೆ. ಪರಿಹಾರ ಅಗತ್ಯವನ್ನು ನೋಡುವುದರಲ್ಲಿದೆ. ಆ ನೂರರಲ್ಲಿ 90 ವಿಮಾನಗಳು ನೇರವಾಗಿ, ಒಂದೇ ವೇಗದಲ್ಲಿ ಹೋಗುತ್ತಿವೆ ಎನ್ನೋಣ. ಅವನ್ನು 4 ಸೆಕೆಂಡಿಗೊಮ್ಮೆ ನೋಡಿದರೆ ಸಾಕು: ಸೆಕೆಂಡಿಗೆ 225 ಮಿಲಿಸೆಕೆಂಡ್. ಉಳಿದ 10 ವಿಮಾನಗಳು ತಿರುಗುತ್ತ ಏರುತ್ತ ಇಳಿಯುತ್ತ ಇವೆ. ಅವನ್ನು ಸೆಕೆಂಡಿಗೆ ಎರಡು ಸಲ ನೋಡೋಣ: 200 ಮಿಲಿಸೆಕೆಂಡ್. ಒಟ್ಟು 425. ಉಳಿದ 575 ಮಿಲಿಸೆಕೆಂಡ್ ಶೋಧನೆಗೆ ಸಿಗುತ್ತದೆ. ಆಕಾಶದ ಒಂದು ಸುತ್ತು ಸುಮಾರು 8 ಸೆಕೆಂಡಿನಲ್ಲಿ ಮುಗಿಯುತ್ತದೆ. ಯಂತ್ರ ಅದೇ, ವಿಮಾನಗಳೂ ಅವೇ. ಹಂಚಿಕೆಯ ಕ್ರಮವೊಂದೇ ಬದಲಾಯಿತು.

ನೋಡದ ಹೊತ್ತಿನಲ್ಲಿ ಬೆಳೆಯುವ ಸಂಶಯ

ಯಾವ ವಿಮಾನಕ್ಕೆ ಎಷ್ಟು ಅಗತ್ಯ ಎಂಬುದನ್ನು ತಿಳಿಯುವುದು ಹೇಗೆ? ಇಲ್ಲಿ 'ಜಾಡು' ಎಂಬ ಕಲ್ಪನೆ ನೆರವಿಗೆ ಬರುತ್ತದೆ. ರಾಡಾರಿನ ಗಣಕವು ಪ್ರತಿಯೊಂದು ಗುರಿಗೂ ಒಂದು ಜಾಡನ್ನು ಇರಿಸಿಕೊಂಡಿರುತ್ತದೆ. ಗುರಿ ಈಗ ಎಲ್ಲಿದೆ, ಯಾವ ಕಡೆಗೆ ಎಷ್ಟು ವೇಗದಲ್ಲಿ ಚಲಿಸುತ್ತಿದೆ ಎಂಬುದರ ಜೊತೆಗೆ ಈ ಅಂದಾಜನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೂ ಅದರಲ್ಲಿ ಅಡಗಿರುತ್ತದೆ. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ವಿಧಾನ ಈ ಕೆಲಸದ ಬೆನ್ನೆಲುಬು. ಅದು ಮೊದಲು ಗುರಿ ಮುಂದೆ ಎಲ್ಲಿರಬೇಕೆಂದು ಊಹಿಸುತ್ತದೆ. ಹೊಸ ಅಳತೆ ಬಂದಾಗ ಊಹೆಯನ್ನು ತಿದ್ದುತ್ತದೆ. ಅಳತೆ ಬಂದಾಗಲೆಲ್ಲ ಸಂಶಯ ಕುಗ್ಗುತ್ತದೆ, ನೋಡದೆ ಬಿಟ್ಟಾಗ ಹಿಗ್ಗುತ್ತದೆ. ಬೆಂಟ್ಲಿ ಪ್ರಯರಿಯ ಬಣ್ಣದ ಗಡಿಯಾರ ಮಾಡುತ್ತಿದ್ದ ಕೆಲಸವನ್ನು ಇದು ಪ್ರತಿ ಗುರಿಗೂ ಬೇರೆ ಬೇರೆಯಾಗಿ, ಸಂಖ್ಯೆಯಲ್ಲಿ ಮಾಡುತ್ತದೆ.

ಸಂಶಯ ಬೆಳೆಯುವ ವೇಗವನ್ನು ಒಂದು ಉದಾಹರಣೆಯಿಂದ ಅಳೆಯಬಹುದು. ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷದಿಂದ ವಿಮಾನವೊಂದು ಪಕ್ಕಕ್ಕೆ ತಿರುಗಿದರೆ, ಊಹಿಸಿದ ಹಾದಿಯಿಂದ ಅದು 1 ಸೆಕೆಂಡಿನಲ್ಲಿ ಸುಮಾರು 5 ಮೀಟರ್, 4 ಸೆಕೆಂಡಿನಲ್ಲಿ 80 ಮೀಟರ್, 10 ಸೆಕೆಂಡಿನಲ್ಲಿ 500 ಮೀಟರ್ ಸರಿದಿರುತ್ತದೆ. 2 ಡಿಗ್ರಿಯ ಕಿರಣ 10 ಕಿ.ಮೀ. ದೂರದಲ್ಲಿ ಕೇವಲ 350 ಮೀಟರ್ ಅಗಲವಾಗಿರುತ್ತದೆ. ಅಂದರೆ 10 ಸೆಕೆಂಡ್ ಬಿಟ್ಟು ನೋಡಿದ ರಾಡಾರಿಗೆ ಆ ಜಾಗದಲ್ಲಿ ವಿಮಾನವೇ ಸಿಗದು. ಕಳೆದುಹೋದ ಗುರಿಯನ್ನು ಮತ್ತೆ ಹುಡುಕುವ ವೆಚ್ಚವು ಕಳೆದುಕೊಳ್ಳದಂತೆ ಕಾಯುವ ವೆಚ್ಚಕ್ಕಿಂತ ಬಹಳ ಹೆಚ್ಚು.

ಗುರಿಗಳು ಹಲವಾದಾಗ ಇನ್ನೊಂದು ತೊಡಕು ಸೇರುತ್ತದೆ. ಎರಡು ವಿಮಾನಗಳ ಸಂಶಯದ ವಲಯಗಳು ಒಂದರ ಮೇಲೊಂದು ಬಿದ್ದರೆ, ಬಂದ ಮಾರ್ದನಿ ಯಾವುದರದು ಎಂಬುದು ತಿಳಿಯದೆ ಹೋಗುತ್ತದೆ. ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಳ್ಳಬಹುದು. ಬಾರ್ಕಿಂಗ್ ಕ್ರೀಕ್‌ನ ಪಾಠ ನೆನಪಿರಲಿ. ಆದ್ದರಿಂದ ಹಾದಿಗಳು ಒಂದನ್ನೊಂದು ದಾಟುವ ಹೊತ್ತಿನಲ್ಲಿ ರಾಡಾರು ಅಲ್ಲಿ ಹೆಚ್ಚು ಗಮನ ಇರಿಸಬೇಕಾಗುತ್ತದೆ.

ಹಡಗಲಿಯಿಂದ ಬಂದ ಅಳತೆಗೋಲು

ಈಗ ಜಾಲಕ್ಕೆ ಬರೋಣ. ಹಲವು ರಾಡಾರುಗಳಿದ್ದಾಗ ಹಂಚಿಕೆಯ ದಾರಿಗಳು ಅಸಂಖ್ಯವಾಗುತ್ತವೆ. ಪ್ರತಿಯೊಂದನ್ನೂ ಪ್ರಯೋಗಿಸಿ ನೋಡಲು ಸಮಯವಿಲ್ಲ. ಒಂದು ಹಂಚಿಕೆಯಿಂದ ಎಷ್ಟು ನಿಖರತೆ ದೊರೆಯಬಹುದೆಂದು ಸ್ಪಂದವನ್ನು ಕಳುಹಿಸುವ ಮುನ್ನವೇ ಹೇಳಬಲ್ಲ ಅಳತೆಗೋಲು ಬೇಕು. ಅದನ್ನು ಕೊಟ್ಟವರು ಕಲ್ಯಂಪುಡಿ ರಾಧಾಕೃಷ್ಣ ರಾವ್, ಲೋಕಕ್ಕೆ ಸಿ. ಆರ್. ರಾವ್.

ತೆಲುಗು ಮನೆಮಾತಿನ ಕುಟುಂಬದಲ್ಲಿ 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಜನಿಸಿದ ರಾವ್, ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ನೆಲೆನಿಂತರು. 1945ರಲ್ಲಿ, ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಕಲ್ಕತ್ತೆಯ ಗಣಿತ ಸಂಘದ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನವೊಂದು ಸಂಖ್ಯಾಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಸ್ವೀಡನ್ನಿನ ಹರಾಲ್ಡ್ ಕ್ರಮೇರ್ ಸ್ವತಂತ್ರವಾಗಿ ಅದೇ ಫಲಿತಾಂಶವನ್ನು ತಲಪಿ 1946ರಲ್ಲಿ ತಮ್ಮ ಗ್ರಂಥದಲ್ಲಿ ಪ್ರಕಟಿಸಿದರು. ಆದ್ದರಿಂದ ಅದಕ್ಕೆ ಕ್ರಮೇರ್–ರಾವ್ ಮಿತಿ ಎಂಬ ಹೆಸರು ನಿಂತಿತು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು, ಹಡಗಲಿ ಮೈಸೂರಿಗೆ ಸೇರಿತು. ರಾವ್ ಅವರಿಗೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಅದೇ ವರ್ಷದ ಆಗಸ್ಟ್ 22ರಂದು ಅವರು ತೀರಿಕೊಂಡರು.

ಆ ಮಿತಿ ಹೇಳುವುದಿಷ್ಟು: ದೊರೆತ ಅಳತೆಗಳಲ್ಲಿ ಎಷ್ಟು ಮಾಹಿತಿಯಿದೆ ಎಂಬುದನ್ನು ಒಂದು ಸಂಖ್ಯೆಯಾಗಿ ಬರೆಯಬಹುದು, ಪಕ್ಷಪಾತವಿಲ್ಲದೆ ಅಂದಾಜು ಮಾಡುವವರು ಎಷ್ಟೇ ಜಾಣರಾಗಿರಲಿ, ಅವರ ಅಂದಾಜಿನ ದೋಷವು ಆ ಸಂಖ್ಯೆಯಿಂದ ನಿರ್ಧಾರವಾಗುವ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲಾರದು. ಮಾಹಿತಿ ಎರಡು ಪಟ್ಟಾದರೆ ಆ ಮಟ್ಟ ಅರ್ಧಕ್ಕೆ ಇಳಿಯುತ್ತದೆ. ಸ್ವತಂತ್ರವಾದ ಎರಡು ರಾಡಾರುಗಳ ಮಾಹಿತಿಗಳನ್ನು ನೇರವಾಗಿ ಕೂಡಬಹುದು. ಚಲಿಸುವ ಗುರಿಗೆ ಈ ಮಿತಿಯನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ಸುಲಭ ಕ್ರಮವನ್ನು ಟಿಹಾವ್ಸ್ಕಿ, ಮುರಾವ್‌ಚಿಕ್ ಮತ್ತು ನೆಹೊರಾಯ್ 1998ರಲ್ಲಿ ಕೊಟ್ಟರು. ಅಂದಿನಿಂದ ರಾಡಾರ್ ಜಾಲಗಳ ಹಂಚಿಕೆಯನ್ನು ಕುರಿತ ಸಂಶೋಧನೆಯಲ್ಲಿ ಇದು ನಿತ್ಯದ ಬಳಕೆಯ ಸಾಧನವಾಗಿದೆ. ಈ ಹಂಚಿಕೆಯಿಂದ ಇಷ್ಟು, ಆ ಹಂಚಿಕೆಯಿಂದ ಅಷ್ಟು ಎಂದು ಮೊದಲೇ ತೂಗಿನೋಡಿ ಜಾಲವು ಮುಂದಿನ ಹೆಜ್ಜೆಯನ್ನು ಇಡುತ್ತದೆ.

ಈ ಅಳತೆಗೋಲು ಒಂದು ಅನಿರೀಕ್ಷಿತ ಸಂಗತಿಯನ್ನೂ ತೋರಿಸುತ್ತದೆ. ಗುರಿಗೆ ಅತಿ ಹತ್ತಿರದ ಎರಡು ರಾಡಾರುಗಳೇ ಅತ್ಯುತ್ತಮ ಜೋಡಿಯಾಗಬೇಕೆಂದಿಲ್ಲ. ರಾಡಾರು ದೂರವನ್ನು ಹತ್ತಾರು ಮೀಟರಿನೊಳಗೆ ಅಳೆದರೂ, ದಿಕ್ಕಿನಲ್ಲಿ ಡಿಗ್ರಿಯ ಐದರಲ್ಲೊಂದು ಪಾಲು ತಪ್ಪಿದರೆ 100 ಕಿ.ಮೀ. ದೂರದಲ್ಲಿ ಅಡ್ಡಲಾಗಿ 350 ಮೀಟರ್ ತಪ್ಪುತ್ತದೆ. ಒಂದೇ ಸಾಲಿನಲ್ಲಿ ನಿಂತ ಎರಡು ರಾಡಾರುಗಳು ಒಂದೇ ಬಗೆಯಲ್ಲಿ ತಪ್ಪುತ್ತವೆ. ಲಂಬಕೋನದಲ್ಲಿ ನಿಂತ ಎರಡನೆಯದು ಮೊದಲನೆಯದರ ಕೊರತೆಯನ್ನು ತುಂಬುತ್ತದೆ. ಕಮಾನುಗಳು ಅಡ್ಡಲಾಗಿ ಕತ್ತರಿಸಿದಾಗಲೇ ಬಿಂದು ಚೂಪಾಗುತ್ತದೆ ಎಂಬುದನ್ನು 1940ರ ಮೇಜಿನ ಸುತ್ತ ನಿಂತವರು ಅನುಭವದಿಂದಲೇ ಅರಿತಿದ್ದರು.

ಯಾರಿಗೆ ಎಷ್ಟು?

ಅಳತೆಗೋಲು ಸಿಕ್ಕಿತು. ಇನ್ನು ಅದರಿಂದ ಯಾವ ಗುರಿಯನ್ನು ಸಾಧಿಸಬೇಕೆಂಬುದನ್ನು ಗಣಿತ ಹೇಳಲಾರದು. ಅದು ನೀತಿಯ ಪ್ರಶ್ನೆ. ಎರಡು ಗುರಿಗಳಿವೆ ಎನ್ನೋಣ: ಒಂದು ಹತ್ತಿರದ್ದು, ಇನ್ನೊಂದು ಅದರ ಎರಡು ಪಟ್ಟು ದೂರದ್ದು. ಎಲ್ಲ ಶಕ್ತಿಯನ್ನು ಹತ್ತಿರದ್ದಕ್ಕೇ ಕೊಟ್ಟರೆ ಅದರ ದೋಷದ ಅಳತೆ 1 ಆಗಲಿ. ದೂರದ್ದಕ್ಕೇ ಕೊಟ್ಟರೆ ಅದರ ದೋಷ, ನಾಲ್ಕನೆಯ ಘಾತದ ನಿಯಮದಂತೆ, 16. ಶಕ್ತಿ ಅರ್ಧವಾದರೆ ದೋಷ ಇಮ್ಮಡಿಯಾಗುತ್ತದೆ. ಈಗ ಮೂರು ನೀತಿಗಳನ್ನು ಹೋಲಿಸಬಹುದು.

ಮೊದಲನೆಯದು ಸಮಪಾಲು. ಇಬ್ಬರಿಗೂ ಅರ್ಧರ್ಧ. ಹತ್ತಿರದ ಗುರಿಯ ದೋಷ 2, ದೂರದ್ದು 32, ಒಟ್ಟು 34.

ಎರಡನೆಯದು ಒಟ್ಟು ದೋಷವನ್ನು ತಗ್ಗಿಸುವುದು. ಐದರಲ್ಲಿ ಒಂದು ಪಾಲು ಹತ್ತಿರದ್ದಕ್ಕೆ, ನಾಲ್ಕು ಪಾಲು ದೂರದ್ದಕ್ಕೆ. ದೋಷಗಳು 5 ಮತ್ತು 20, ಒಟ್ಟು 25.

ಮೂರನೆಯದು ಅತ್ಯಂತ ಹಿಂದುಳಿದುದನ್ನು ಮೇಲೆತ್ತುವುದು. ಹದಿನೇಳರಲ್ಲಿ ಒಂದು ಪಾಲು ಹತ್ತಿರದ್ದಕ್ಕೆ, ಹದಿನಾರು ದೂರದ್ದಕ್ಕೆ. ಎರಡರ ದೋಷವೂ 17, ಒಟ್ಟು ಮತ್ತೆ 34.

ಒಂದನೆಯ ಮತ್ತು ಮೂರನೆಯ ನೀತಿಗಳಲ್ಲಿ ಒಟ್ಟು ಮೊತ್ತ ಒಂದೇ. ಹೊರೆ ಹೊರುವವರು ಮಾತ್ರ ಬೇರೆ. ಒಟ್ಟು ಮೊತ್ತವನ್ನಷ್ಟೇ ನೋಡುವವನಿಗೆ ಈ ಭೇದ ಕಾಣುವುದಿಲ್ಲ.

ನಾಲ್ಕನೆಯ ನೀತಿಯೂ ಒಂದಿದೆ, ಕೇಳಲು ಅತ್ಯಂತ ಸಮಂಜಸವಾದುದು: ಗೊತ್ತುಪಡಿಸಿದ ನಿಖರತೆಯೊಳಗೆ ಆದಷ್ಟು ಹೆಚ್ಚು ಗುರಿಗಳ ಜಾಡು ಹಿಡಿಯಬೇಕು. ಆದರೆ ದೂರದ ಒಂದು ಗುರಿಗೆ ತಗಲುವ ಶಕ್ತಿಯಲ್ಲಿ ಹತ್ತಿರದ 16 ಗುರಿಗಳನ್ನು ನೋಡಿಕೊಳ್ಳಬಹುದು. ಆದ್ದರಿಂದ ಶಕ್ತಿ ಸಾಲದೆ ಬಂದೊಡನೆ ಈ ನೀತಿ ದೂರದ್ದನ್ನು ಮೊದಲು ಕೈಬಿಡುತ್ತದೆ. ಅದರಲ್ಲಿ ದ್ವೇಷವಿಲ್ಲ, ಲೆಕ್ಕ ಹಾಗಿದೆ, ಅಷ್ಟೆ. ನಿಯಮ ಬರೆಯುವವನು ಅಂಚಿನಲ್ಲಿರುವ ಗುರಿಯನ್ನು ಮುಂಚೆಯೇ ನೆನೆಯದಿದ್ದರೆ, ಅಂಚು ತಾನಾಗಿಯೇ ಕತ್ತಲಾಗುತ್ತದೆ.

ಇದಕ್ಕೆ ಎರಡು ಮದ್ದುಗಳಿವೆ. ಒಂದು, ಗುರಿಗಳಿಗೆ ಅಪಾಯಕ್ಕೆ ತಕ್ಕ ತೂಕ ಕೊಡುವುದು. ದೂರದಲ್ಲಿದ್ದರೂ ವೇಗವಾಗಿ ಇತ್ತಲೇ ಬರುತ್ತಿರುವುದಕ್ಕೆ ಹೆಚ್ಚು ಬೆಲೆ. ಎರಡನೆಯದು, ಮತ್ತು ಮುಖ್ಯವಾದುದು, ಜಾಲವೇ. ಒಂದು ರಾಡಾರಿನ ಅಂಚು ಇನ್ನೊಂದರ ನಡುಭಾಗವಾಗಿರಬಹುದು. ಇಲ್ಲಿಂದ ಹದಿನಾರು ಪಟ್ಟು ಶಕ್ತಿ ಬೇಡುವ ಗುರಿಯನ್ನು ನೆರೆಯ ರಾಡಾರು ಒಂದು ಪಾಲಿನಲ್ಲಿಯೇ ನೋಡಿಕೊಳ್ಳಬಲ್ಲುದು. ಇಬ್ಬರೂ ಮಾತನಾಡಿಕೊಳ್ಳಬೇಕು, ಅಷ್ಟೆ.

ಮಾತನಾಡಿಕೊಳ್ಳುವುದರ ಕಷ್ಟ

ಆ 'ಅಷ್ಟೆ' ಅಷ್ಟು ಸುಲಭವಲ್ಲ. ಹತ್ತು ರಾಡಾರುಗಳಿದ್ದು ಪ್ರತಿ ಗುರಿಗೂ ಎರಡೆರಡನ್ನು ನೇಮಿಸಬೇಕಾದರೆ ಒಂದು ಗುರಿಗೆ 45 ದಾರಿಗಳಿವೆ. ಇಪ್ಪತ್ತು ಗುರಿಗಳಿಗೆ ಒಟ್ಟು ದಾರಿಗಳ ಸಂಖ್ಯೆಯನ್ನು ಬರೆದರೆ 34 ಅಂಕೆಗಳಾಗುತ್ತವೆ. ಸೆಕೆಂಡಿಗೊಮ್ಮೆ ಹೊಸದಾಗಿ ತೀರ್ಮಾನಿಸಬೇಕಾದ ಯಾವ ಗಣಕವೂ ಎಲ್ಲವನ್ನೂ ಪರೀಕ್ಷಿಸಲಾರದು. ಆದ್ದರಿಂದ ಬಳಕೆಯಲ್ಲಿರುವುದು ಅಡ್ಡದಾರಿಗಳು. ಉಳಿದ ಸಂಪನ್ಮೂಲದ ಮುಂದಿನ ತುಣುಕು ಎಲ್ಲಿ ಅತಿ ಹೆಚ್ಚು ಲಾಭ ತರುವುದೋ ಅಲ್ಲಿ ಅದನ್ನು ಇಡುತ್ತ ಹೋಗುವುದು ಒಂದು ಕ್ರಮ. ಒಂದೇ ಗುರಿಗೆ ಸುರಿದಂತೆಲ್ಲ ಲಾಭ ಇಳಿಯುತ್ತ ಬರುವುದರಿಂದ ಈ ಸರಳ ಕ್ರಮವೂ ಸಾಮಾನ್ಯವಾಗಿ ಒಳ್ಳೆಯ ಫಲವನ್ನೇ ಕೊಡುತ್ತದೆ.

ರಾಡಾರುಗಳು ಒಂದೇ ಲೋಕವನ್ನು ನೋಡುತ್ತಿವೆ ಎಂಬುದನ್ನೂ ಖಾತ್ರಿಪಡಿಸಿಕೊಳ್ಳಬೇಕು. ಒಂದರ ಉತ್ತರದಿಕ್ಕು ಅರ್ಧ ಡಿಗ್ರಿ ತಪ್ಪಿದ್ದರೆ 100 ಕಿ.ಮೀ. ದೂರದ ಒಂದೇ ವಿಮಾನ ಸುಮಾರು 870 ಮೀಟರ್ ಅಂತರದ ಎರಡು ವಿಮಾನಗಳಾಗಿ ಕಾಣುತ್ತದೆ. ಇನ್ನು ಸುದ್ದಿ ಸುತ್ತಿ ಬರುವ ಅಪಾಯವಿದೆ. ಮೊದಲ ರಾಡಾರು ಎರಡನೆಯದಕ್ಕೆ ಹೇಳಿದ್ದು ಮೂರನೆಯದರ ಮೂಲಕ ಮೊದಲನೆಯದಕ್ಕೇ ಮರಳಿ ಬಂದರೆ, ತನ್ನ ಮಾತನ್ನೇ ಹೊಸ ಸಾಕ್ಷಿಯೆಂದು ಅದು ಎಣಿಸಿಬಿಡಬಹುದು. ಊರ ಗಾಳಿಮಾತು ನಾಲ್ಕು ಬಾಯಿಂದ ಬಂದ ಮಾತ್ರಕ್ಕೆ ನಾಲ್ಕು ಪಟ್ಟು ನಿಜವಾಗದು. ಜಾಲದ ಗಣಿತಕ್ಕೆ ಇದನ್ನು ಎಚ್ಚರದಿಂದ ಕಲಿಸಬೇಕಾಗುತ್ತದೆ.

ಮೋಡವೂ ಒಂದು ಗುರಿ

ಇದೇ ವಿಚಾರ ವಿಮಾನಗಳಿಂದ ಮಳೆಮೋಡಗಳಿಗೂ ಹರಿದಿದೆ. ಬಿರುಗಾಳಿಯ ಮೋಡದ ಒಂದೊಂದು ಕೋಶವೂ ಜಾಡು ಹಿಡಿಯಬೇಕಾದ ಗುರಿಯೇ. ಭೂಮಿ ಗುಂಡಾಗಿರುವುದರಿಂದ ರಾಡಾರಿನ ಕಿರಣ ದೂರ ಹೋದಂತೆ ನೆಲದಿಂದ ಮೇಲೇರುತ್ತದೆ. ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟ ಕಿರಣ 100 ಕಿ.ಮೀ. ದೂರದಲ್ಲಿ ಸುಮಾರು ಒಂದೂವರೆ ಕಿ.ಮೀ., 200 ಕಿ.ಮೀ. ದೂರದಲ್ಲಿ ಸುಮಾರು 4 ಕಿ.ಮೀ. ಎತ್ತರದಲ್ಲಿರುತ್ತದೆ. ಅದರ ಕೆಳಗೆ ನಡೆಯುವುದು ಅದಕ್ಕೆ ಕಾಣದು.

ಅಮೆರಿಕದ ಒಕ್ಲಹಾಮಾ ರಾಜ್ಯದ ನೈಋತ್ಯದಲ್ಲಿ 2006ರಿಂದ ಕೆಲವು ವರ್ಷ ನಡೆದ 'ಕಾಸಾ' ಪ್ರಯೋಗ ಇದಕ್ಕೆ ಪರಿಹಾರ ಹುಡುಕಿತು. ಒಂದು ದೊಡ್ಡ ರಾಡಾರಿನ ಬದಲು ಸುಮಾರು 30 ಕಿ.ಮೀ. ಅಂತರದಲ್ಲಿ ನಾಲ್ಕು ಚಿಕ್ಕ ಎಕ್ಸ್-ಬ್ಯಾಂಡ್ ರಾಡಾರುಗಳು. ಅವು ಸುಮ್ಮನೆ ಸುತ್ತುತ್ತಿರಲಿಲ್ಲ. ಎಲ್ಲಿ ಮೋಡ ಕಟ್ಟಿದೆ, ಅದರಲ್ಲಿ ಯಾರಿಗೆ ಆಸಕ್ತಿ ಎಂಬುದನ್ನು ನೋಡಿ, ನಿಮಿಷದ ಲೆಕ್ಕದಲ್ಲಿ ಮುಂದೆ ಎತ್ತ ನೋಡಬೇಕೆಂದು ತೀರ್ಮಾನಿಸಿಕೊಳ್ಳುತ್ತಿದ್ದವು. ಹವಾಮಾನ ಮುನ್ಸೂಚಕರು, ತುರ್ತು ನಿರ್ವಹಣೆಯ ಅಧಿಕಾರಿಗಳು, ಸಂಶೋಧಕರು ಇವರ ಬೇಡಿಕೆಗಳಿಗೆ ಬೇರೆ ಬೇರೆ ತೂಕವಿತ್ತು. ಯಾರ ಬೇಡಿಕೆಗೆ ಎಷ್ಟು ತೂಕ ಎಂಬುದನ್ನು ಮನುಷ್ಯರೇ ಕುಳಿತು ಬರೆದಿದ್ದರು.

ನಮ್ಮ ಗಡಿಸೀಮೆಗೆ ಈ ವಿಚಾರ ದೂರದ್ದಲ್ಲ. ಪುಣೆಯ ಐಐಟಿಎಂ ಸಂಸ್ಥೆ ಮಳೆನೆರಳಿನ ಮೋಡಗಳ ಅಧ್ಯಯನಕ್ಕಾಗಿ ಸೊಲ್ಲಾಪುರದಲ್ಲಿ ಸಿ-ಬ್ಯಾಂಡ್ ರಾಡಾರನ್ನು ಇರಿಸಿತು. ಅಕ್ಕಲಕೋಟೆ ಆ ಊರಿನ ಮಗ್ಗುಲಲ್ಲಿದೆ. ಜತ್ತ, ವಿಜಯಪುರ, ಕಲಬುರಗಿಗಳು ಅಲ್ಲಿಂದ 100 ಕಿ.ಮೀ. ಆಸುಪಾಸಿನಲ್ಲಿವೆ. ಅಂಥ ರಾಡಾರಿನ ವೃತ್ತಕ್ಕೆ ಮಹಾರಾಷ್ಟ್ರ ಯಾವುದು, ಕರ್ನಾಟಕ ಯಾವುದು ಎಂಬ ಭೇದ ತಿಳಿಯದು. ವಯನಾಡಿನ ಮುಂಡಕೈ, ಚೂರಲ್‌ಮಲೆಗಳು 2024ರ ಜುಲೈ 30ರ ಭೂಕುಸಿತದಲ್ಲಿ ನಾಶವಾದವು. ಕೊಚ್ಚಿಯ ಹವಾಮಾನ ರಾಡಾರಿನಿಂದ ಆ ಕಣಿವೆ 170 ಕಿ.ಮೀ.ಗೂ ದೂರ, ಅಲ್ಲಿಂದ ಹೊರಟ ಅರ್ಧ ಡಿಗ್ರಿಯ ಕಿರಣ ವಯನಾಡಿನ ಮೇಲೆ ಹಾಯುವುದು ಸಮುದ್ರಮಟ್ಟದಿಂದ 3 ಕಿ.ಮೀ.ಗಿಂತ ಎತ್ತರದಲ್ಲಿ. ರಾಡಾರು ಭೂಕುಸಿತವನ್ನು ಕಾಣದು ನಿಜ. ಆದರೆ ಅದಕ್ಕೆ ಕಾರಣವಾಗುವ ಮಳೆ ಎಲ್ಲಿ ಎಷ್ಟು ಬಿರುಸಾಗಿ ಸುರಿಯುತ್ತಿದೆ ಎಂಬುದನ್ನು ಹತ್ತಿರದ ರಾಡಾರು ಕಾಣಬಲ್ಲುದು. ಆ ದುರಂತದ ಬಳಿಕ ವಯನಾಡಿಗೆ ಎಕ್ಸ್-ಬ್ಯಾಂಡ್ ರಾಡಾರೊಂದನ್ನು ಮಂಜೂರು ಮಾಡಲಾಯಿತು.

ಇನ್ನು ಮುಂದೆ ನಮ್ಮ ಜಿಲ್ಲೆಗೆ ರಾಡಾರು ಬರುತ್ತದೆ ಎಂಬ ಸುದ್ದಿ ಓದಿದಾಗ ಅದರ ವ್ಯಾಪ್ತಿ ಎಷ್ಟು ನೂರು ಕಿಲೋಮೀಟರ್ ಎಂಬುದನ್ನಷ್ಟೇ ನೋಡಿ ಸಮಾಧಾನಪಡುವುದು ಬೇಡ. ನಮ್ಮ ಊರಿನ ಮೇಲೆ ಅದರ ಕಿರಣ ಎಷ್ಟು ಎತ್ತರದಲ್ಲಿ ಹಾಯುತ್ತದೆ? ಎಷ್ಟು ನಿಮಿಷಕ್ಕೊಮ್ಮೆ ಇತ್ತ ನೋಡುತ್ತದೆ? ಗಡಿಯಾಚೆಯ ರಾಡಾರು ಕಂಡದ್ದು ಇಲ್ಲಿನ ಅಧಿಕಾರಿಗೂ ತಲಪುತ್ತದೆಯೆ? ಕೇಳಬೇಕಾದ ಪ್ರಶ್ನೆಗಳು ಈ ಮೂರು. ಎಷ್ಟು ನೋಡಬಹುದೆಂಬುದರ ಮಿತಿಯನ್ನು ಹಡಗಲಿಯಲ್ಲಿ ಹುಟ್ಟಿದ ಗಣಿತಜ್ಞ ಎಂಟು ದಶಕಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಆ ಮಿತಿಯೊಳಗೆ ಯಾರನ್ನು ನೋಡಬೇಕೆಂಬ ನಿಯಮವನ್ನು ಮಾತ್ರ ಆಯಾ ಕಾಲದ ಮನುಷ್ಯರು ಬರೆಯಬೇಕು.